ಬೊಂಡಾಸಕ್ಕೆ ಉಪ್ಪು: ಯಾವಾಗ, ಎಷ್ಟು, ಯಾತಕ್ಕೆ?

ಕಳೆದ ಸಂಚಿಕೆಯಲ್ಲಿ ನಮ್ಮ ವಾರದ ಸಂತೆಗಳಿಗೆ ಬರುವ ಒಣಸಿಗಡಿ ಮತ್ತು ಒಣಮೀನಿನ ಬಗ್ಗೆ ಉತ್ತರಿಸುವಾಗ, ಕಡಲತೀರದ ಊರುಗಳಲ್ಲಿ ಬೊಂಡಾಸವನ್ನೂ (ಇಂಗ್ಲಿಷಿನಲ್ಲಿ ಸ್ಕ್ವಿಡ್ ಎನ್ನುವ ಕಡಲ ಪ್ರಾಣಿ) ಉಪ್ಪು ಹಾಕಿ ಒಣಗಿಸುವುದುಂಟು ಎಂದು ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹೈದರಾಬಾದಿನ ಹೋಟೆಲಿನಲ್ಲಿ ತಿಂದು ಬಂದವರು, ಹೊರದೇಶದಲ್ಲಿರುವ ಮಕ್ಕಳಿಂದ ಕೇಳಿ ತಿಳಿದವರು, ಫ್ರೀಜರಿನ ಪೊಟ್ಟಣ ತಂದಿಟ್ಟು ಮುಂದೇನು ಎಂದು ಕೇಳುವವರು ಹೀಗೆ ಪತ್ರ ಬರೆದವರು ಹಲವು ಬಗೆಯವರಾದರೂ, ಎಲ್ಲರ ಪ್ರಶ್ನೆಯೂ ಕೊನೆಗೆ ಉಪ್ಪಿನ ಹತ್ತಿರವೇ ಬಂದು ನಿಲ್ಲುತ್ತದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಹೈದರಾಬಾದಿನಲ್ಲಿ ‘ಸ್ಕ್ವಿಡ್’ ಎಂದು ಬಡಿಸಿದರು. ಮಂಗಳೂರಿನ ಗೆಳೆಯರು ಅದನ್ನು ಬೊಂಡಾಸ ಎನ್ನುತ್ತಾರೆ, ಸೊಲ್ಲಾಪುರದ ಬೀಗರು ಮಾಕುಳ ಎನ್ನುತ್ತಾರೆ. ಇದು ಮೀನೇ, ಅಲ್ಲವೇ? (ಓದುಗರೊಬ್ಬರು, ಆಳಂದ)

ಮೂರೂ ಹೆಸರುಗಳು ಒಂದೇ ಪ್ರಾಣಿಯವು. ಮಲಯಾಳದಲ್ಲಿ ಇದು ಕೂಂತಳ್, ತಮಿಳಿನಲ್ಲಿ ಕಣವಾ. ಮೀನು ಹಿಡಿಯುವ ಬಲೆಯಲ್ಲೇ ಸಿಕ್ಕಿ, ಮೀನಿನ ಬುಟ್ಟಿಯಲ್ಲೇ ಮಾರಾಟವಾದರೂ ಇದು ಮೀನಲ್ಲ. ಬಸವನಹುಳು ಮತ್ತು ನಮ್ಮ ಭೀಮಾ ನದಿಯ ದಂಡೆಯಲ್ಲಿ ಸಿಗುವ ಕಪ್ಪೆಚಿಪ್ಪುಗಳ ಬಳಗಕ್ಕೆ ಸೇರಿದ ಮೃದ್ವಂಗಿ. ಇದಕ್ಕೆ ಎಂಟು ತೋಳುಗಳು, ಬೇಟೆ ಹಿಡಿಯಲು ಇನ್ನೆರಡು ಉದ್ದದ ತೋಳುಗಳು, ಮೂರು ಹೃದಯಗಳು. ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಅದರ ಬಣ್ಣ ನೀಲಿ.

ಎಲುಬೆಂಬುದು ಇಲ್ಲ. ಚೀಲದಂಥ ಮೈಯೊಳಗೆ ಬೆರಳು ಹಾಕಿದರೆ ಗಾಜಿನಂತೆ ಪಾರದರ್ಶಕವಾದ, ಬಾಗುವ ಒಂದು ಕಡ್ಡಿ ಸಿಗುತ್ತದೆ. ಹೊಸಬರು ಅದನ್ನು ಪ್ಲಾಸ್ಟಿಕ್ ಚೂರು ಎಂದೇ ತಿಳಿಯುತ್ತಾರೆ. ಇದರ ಹತ್ತಿರದ ಸಂಬಂಧಿಯಾದ ಕಟಲ್‌ಫಿಶ್‌ನಲ್ಲಿ ಆ ಜಾಗದಲ್ಲಿ ಹಗುರವಾದ ಬಿಳಿಯ ಬಿಲ್ಲೆಯೊಂದಿರುತ್ತದೆ. ಅದನ್ನು ನೀವು ನೋಡಿಯೇ ಇರುತ್ತೀರಿ. ನಮ್ಮ ಗಂಧಿಗೆ ಅಂಗಡಿಗಳಲ್ಲಿ ‘ಸಮುದ್ರ ನೊರೆ’ ಎಂದು ಕೊಡುವುದು, ಗಿಳಿಯ ಪಂಜರದಲ್ಲಿ ಕೊಕ್ಕು ತಿಕ್ಕಲು ಕಟ್ಟುವುದು ಅದನ್ನೇ. ಸಮುದ್ರವನ್ನೇ ಕಾಣದ ಮನೆಗಳಿಗೂ ಈ ಬಳಗದ ಒಂದು ತುಣುಕು ಬಹಳ ಹಿಂದೆಯೇ ಬಂದಿದೆ.

ಪ್ರಶ್ನೆ: ಹೋಟೆಲಿನ ‘ಸಾಲ್ಟ್ ಅಂಡ್ ಪೆಪ್ಪರ್ ಸ್ಕ್ವಿಡ್’ ಮನೆಯಲ್ಲಿ ಮಾಡಲು ಹೋದೆ. ಓದಿದ ವಿಧಾನದಂತೆ ತುಂಡುಗಳಿಗೆ ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟು, ಜೋಳದ ಹಿಟ್ಟಿನಲ್ಲಿ ಹೊರಳಿಸಿ ಐದಾರು ನಿಮಿಷ ಕರಿದೆ. ಹಿಟ್ಟು ಎಣ್ಣೆಗೆ ಕಳಚಿ ಬಿತ್ತು, ತುಂಡುಗಳು ಚಪ್ಪಲಿಯ ಪಟ್ಟಿಯಂತಾದವು. ಎಲ್ಲಿ ತಪ್ಪಿತು? (ಗೃಹಿಣಿ, ಕಲಬುರಗಿ)

ಹಿಟ್ಟಿನಲ್ಲಿ, ಉಪ್ಪಿನ ಹೊತ್ತಿನಲ್ಲಿ ಮತ್ತು ಕರಿದ ಸಮಯದಲ್ಲಿ, ಮೂರೂ ಕಡೆ ತಪ್ಪಿದೆ. ಮೊದಲನೆಯದರಲ್ಲಿ ನಿಮ್ಮ ದೋಷವೇನೂ ಇಲ್ಲ. ಅಡುಗೆ ವಿಧಾನಗಳನ್ನು ಕನ್ನಡಕ್ಕೆ ತರುವವರು ಕಾರ್ನ್‌ಫ್ಲೋರ್ ಎಂಬುದನ್ನು ‘ಜೋಳದ ಹಿಟ್ಟು’ ಎಂದು ಬರೆದುಬಿಡುತ್ತಾರೆ. ನಮ್ಮ ಕಡೆ ಜೋಳದ ಹಿಟ್ಟು ಎಂದರೆ ರೊಟ್ಟಿ ಬಡಿಯುವ ಹಿಟ್ಟಲ್ಲದೆ ಬೇರೆಯಲ್ಲ. ಕಾರ್ನ್‌ಫ್ಲೋರ್ ಎಂದರೆ ಮೆಕ್ಕೆಜೋಳದಿಂದ ನಾರು, ಪ್ರೋಟೀನುಗಳನ್ನೆಲ್ಲ ಬೇರ್ಪಡಿಸಿ ಉಳಿಸಿಕೊಂಡ ನುಣುಪಾದ ಬಿಳಿ ಪಿಷ್ಟ. ಅದು ಒದ್ದೆ ಮೈಗೆ ತೆಳುವಾಗಿ ಅಂಟಿ ಕ್ಷಣದಲ್ಲಿ ಗರಿಯಾಗುತ್ತದೆ. ರೊಟ್ಟಿಯ ಹಿಟ್ಟು ಅಷ್ಟು ಬೇಗ ಬೇಯುವುದೂ ಇಲ್ಲ, ಅಷ್ಟು ತೆಳುವಾಗಿ ಹಿಡಿಯುವುದೂ ಇಲ್ಲ.

ಎರಡನೆಯದು ಉಪ್ಪು. ಹೆಸರಿನಲ್ಲೇ ಉಪ್ಪಿದೆಯೆಂದು ನಾವು ಮೊದಲೇ ಹಾಕುತ್ತೇವೆ. ಆದರೆ ಈ ಅಡುಗೆಯ ಜೀವ ಇರುವುದು ಉಪ್ಪನ್ನು ಕೊನೆಗೆ ಹಾಕುವುದರಲ್ಲಿ. ಇದು ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್ ಅಡುಗೆಮನೆಗಳ ಕ್ರಮ. ಅವರು ಉಪ್ಪನ್ನೂ ಸಿಚುವಾನ್ ಮೆಣಸನ್ನೂ ಬರಿ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವವರೆಗೆ ಹುರಿದು, ಕುಟ್ಟಿ ಪುಡಿ ಮಾಡಿಟ್ಟುಕೊಳ್ಳುತ್ತಾರೆ. ಆ ಪುಡಿಗೆ ಚೀನೀ ಭಾಷೆಯಲ್ಲಿ ‘ಜ್ಯಾವ್ ಯೆನ್’, ಅಂದರೆ ಮೆಣಸುಪ್ಪು ಎಂದು ಹೆಸರು. ಕರಿದು ತೆಗೆದ ಬಿಸಿ ತುಂಡುಗಳ ಮೇಲೆ ಅದು ಬೀಳಬೇಕು. ಮೊದಲೇ ಉಪ್ಪು ಹಚ್ಚಿ ಅರ್ಧ ಗಂಟೆ ಇಟ್ಟರೆ ಬೊಂಡಾಸ ನೀರು ಬಿಡುತ್ತದೆ, ಆ ನೀರು ಹಿಟ್ಟನ್ನು ಸಡಿಲ ಮಾಡುತ್ತದೆ, ಎಣ್ಣೆಗೆ ಬಿದ್ದೊಡನೆ ಹಿಟ್ಟು ಕಳಚುತ್ತದೆ. ಹಾಗಲಕಾಯಿಗೆ ಉಪ್ಪು ಹಚ್ಚಿ ನೀರು ಹಿಂಡುವ ಕ್ರಿಯೆಯೇ ಇದು, ಆದರೆ ಇಲ್ಲಿ ಅದು ಬೇಡದ ಹೊತ್ತಿನಲ್ಲಿ ನಡೆದಿದೆ.

ಸಿಚುವಾನ್ ಮೆಣಸು ಸಿಗದಿದ್ದರೆ ಚಿಂತೆಯಿಲ್ಲ, ಕರಿಮೆಣಸು ಸಾಕು. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ. ನಾಲಿಗೆ ಜುಮ್ಮೆನ್ನಿಸುವ ಆ ಮೆಣಸಿನ ಗಿಡದ ಕುಲಕ್ಕೇ ಸೇರಿದ ಒಂದು ಮರ ನಮ್ಮ ಪಶ್ಚಿಮ ಘಟ್ಟದಲ್ಲಿದೆ. ಅದರ ಕಾಯಿಯನ್ನು ಕನ್ನಡದಲ್ಲಿ ಜುಮ್ಮನಕಾಯಿ ಎಂದೂ ಕೊಂಕಣಿಯಲ್ಲಿ ತೆಪ್ಪಳ ಎಂದೂ ಕರೆಯುತ್ತಾರೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಬೀಜ ತೆಗೆದು ಹಾಕುತ್ತಾರೆ. ಯಾರಾದರೂ ಕುಮಟಾ, ಕಾರವಾರದ ಕಡೆ ಹೋದರೆ ಒಂದು ಹಿಡಿ ತರಿಸಿಕೊಳ್ಳಿ. ಕರಿಮೆಣಸಿನ ಬದಲು ಅದನ್ನು ಉಪ್ಪಿನೊಂದಿಗೆ ಹುರಿದು ಕುಟ್ಟಿ ನೋಡಿದ್ದೇನೆ, ಮೂಲದ ರುಚಿಗೆ ಅದು ಹೆಚ್ಚು ಹತ್ತಿರ.

ಮೂರನೆಯದು ಸಮಯ. ಬೊಂಡಾಸದ ಮಾಂಸದ ತುಂಬ ಅಡ್ಡಡ್ಡ ಹೆಣೆದ, ಕೊಲಾಜನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳಿರುತ್ತವೆ. ಬಿಸಿ ತಗುಲಿದ ಮೊದಲ ಒಂದೆರಡು ನಿಮಿಷ ಅವು ಇನ್ನೂ ಪೂರ್ತಿ ಬಿಗಿದಿರುವುದಿಲ್ಲ, ತುಂಡು ಮೆತ್ತಗಿರುತ್ತದೆ. ಮೂರು ನಿಮಿಷ ದಾಟಿದರೆ ಬಿಗಿದು ನೀರು ಹಿಂಡಿ ರಬ್ಬರಾಗುತ್ತದೆ. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆಯ ಹತ್ತಿರ ಸಣ್ಣ ಉರಿಯಲ್ಲಿ ನೀರಿನೊಂದಿಗೆ ಬೆಂದರೆ ಮಾತ್ರ ಆ ಎಳೆಗಳು ಕರಗಿ ಮತ್ತೆ ಮೆತ್ತಗಾಗುತ್ತದೆ. ಐದಾರು ನಿಮಿಷ ಎಂಬುದು ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಈಗ ಕ್ರಮ. ಅರ್ಧ ಕಿಲೋ ಬೊಂಡಾಸ ತೆಗೆದುಕೊಳ್ಳಿ. ತಲೆಯನ್ನು ಹಿಡಿದು ಮೆಲ್ಲಗೆ ಎಳೆದರೆ ಒಳಗಿನದೆಲ್ಲ ಅದರ ಜೊತೆಗೇ ಬರುತ್ತದೆ. ಬೆಳ್ಳಿಯಂತೆ ಹೊಳೆಯುವ ಸಣ್ಣ ಮಸಿಚೀಲ ಒಡೆಯದಂತೆ ನೋಡಿಕೊಳ್ಳಿ. ಒಳಗಿನ ಕಡ್ಡಿ ತೆಗೆದು, ಮೇಲಿನ ನೇರಳೆ ಚುಕ್ಕೆಯ ತೆಳು ಪೊರೆಯನ್ನು ಉಗುರಿನಿಂದ ಎಬ್ಬಿಸಿ ಸುಲಿದರೆ ಹಾಲಿನಂಥ ಬಿಳಿ ಮೈ ಉಳಿಯುತ್ತದೆ. ಅದನ್ನು ಒಂದು ಬದಿ ಸೀಳಿ ಹಾಸಿ, ಒಳಮೈಯ ಮೇಲೆ ಚೂರಿಯ ತುದಿಯಿಂದ ಶಂಕರಪೋಳಿಯ ಗೀರಿನಂತೆ ಓರೆಯಾಗಿ, ಪೂರ್ತಿ ತುಂಡಾಗದ ಹಾಗೆ ಗೀರಬೇಕು. ಬಾಣಲೆಗೆ ಬಿದ್ದೊಡನೆ ಆ ತುಂಡು ಹೂವಿನ ದಳದಂತೆ ಸುರುಳಿಯಾಗಿ, ಗೀರಿದ ಮೈ ಹೊರಕ್ಕೆ ಬರುತ್ತದೆ. ಮೆಣಸುಪ್ಪು ಹೋಗಿ ಕೂರುವುದು ಆ ಸಂದುಗಳಲ್ಲೇ. ತುಂಡುಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕಾರ್ನ್‌ಫ್ಲೋರ್ ಮತ್ತು ಅಕ್ಕಿ ಹಿಟ್ಟನ್ನು ಸಮನಾಗಿ ಬೆರೆಸಿದ್ದರಲ್ಲಿ ಹೊರಳಿಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಒಂದು ಸಲಕ್ಕೆ ಒಂದೇ ಹಿಡಿಯಷ್ಟು ಹಾಕಿ ಒಂದೂವರೆ ನಿಮಿಷದಲ್ಲಿ ತೆಗೆಯಿರಿ. ಬೇರೊಂದು ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಹೆಚ್ಚಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ ಸೊಪ್ಪು ಹಾಕಿ ಅರ್ಧ ನಿಮಿಷ ಬಾಡಿಸಿ, ಕರಿದ ತುಂಡು ಸುರಿದು, ಒಂದು ಟೀ ಚಮಚ ಮೆಣಸುಪ್ಪು ಉದುರಿಸಿ ಎರಡು ಸಲ ಎಸೆದು ಇಳಿಸಿದರೆ ಮುಗಿಯಿತು. ಮೆಣಸುಪ್ಪಿಗೆ ಎರಡು ಪಾಲು ಉಪ್ಪು, ಒಂದು ಪಾಲು ಮೆಣಸು.

ಚೀನೀಯರು ವಲಸೆ ಹೋದಲ್ಲೆಲ್ಲ ಈ ಕ್ರಮವೂ ಹೋಗಿದೆ. ಆಸ್ಟ್ರೇಲಿಯಾದ ಊಟದ ಮನೆಗಳಲ್ಲಿ ಈಗ ಅದು ಅಲ್ಲಿನವರದೇ ತಿಂಡಿ ಎಂಬಷ್ಟು ಸಾಮಾನ್ಯ. ಕೊಲಂಬೊದ ಚೀನೀ ಹೋಟೆಲುಗಳಲ್ಲಿ ಅದು ಬೆಣ್ಣೆ ಮತ್ತು ಕೆಂಪು ಮೆಣಸಿನಕಾಯಿ ಸೇರಿಸಿಕೊಂಡು ‘ಹಾಟ್ ಬಟರ್ ಕಟಲ್‌ಫಿಶ್’ ಆಗಿದೆ. ನಮ್ಮ ಕೇರಳದವರು ಮಾತ್ರ ಬಹಳ ಹೊತ್ತು ಬೇಯಿಸುವ ಎರಡನೆಯ ದಾರಿ ಹಿಡಿದಿದ್ದಾರೆ. ಕೂಂತಳ್ ರೋಸ್ಟ್‌ಗೆ ಬೊಂಡಾಸವನ್ನು ಮೊದಲು ಮಸಾಲೆಯೊಂದಿಗೆ ಅದು ಬಿಟ್ಟ ನೀರಿನಲ್ಲೇ ನಿಧಾನವಾಗಿ ಬೇಯಿಸಿ, ಆಮೇಲೆ ತೆಂಗಿನಕಾಯಿಯ ಚೂರು, ಕರಿಬೇವು, ಕರಿಮೆಣಸಿನೊಂದಿಗೆ ಕಪ್ಪಾಗುವವರೆಗೆ ಹುರಿಯುತ್ತಾರೆ. ಮಲೇಷ್ಯಾದ ಸಂಬಾಲ್ ಸೊತೊಂಗ್ ಬೇಗ ಬೇಯಿಸಿ ಇಳಿಸುವ ಮೊದಲ ದಾರಿಯದು: ಮೆಣಸಿನಕಾಯಿ, ಈರುಳ್ಳಿ, ಒಣಸಿಗಡಿಯ ಬೆಲಾಚನ್ ಮುದ್ದೆ, ಹುಣಸೆ ರಸ ಇಷ್ಟೂ ಎಣ್ಣೆ ಬಿಡುವವರೆಗೆ ಬೆಂದ ಮೇಲೆ ಕಟ್ಟಕಡೆಗೆ ಬೊಂಡಾಸ ಬೀಳುತ್ತದೆ.

ಪ್ರಶ್ನೆ: ಮಗಳು ಕೆಲಸದ ಮೇಲೆ ಜಪಾನಿನಲ್ಲಿದ್ದಾಳೆ. ಅಲ್ಲಿ ಹಸಿ ಬೊಂಡಾಸವನ್ನು ಅದರ ಹೊಟ್ಟೆಯೊಳಗಿನದರೊಂದಿಗೇ ಉಪ್ಪಿನಲ್ಲಿ ಕೊಳೆಹಾಕಿ ತಿನ್ನುತ್ತಾರಂತೆ, ತಾನೂ ತಿಂದೆ ಎಂದಳು. ಅಂದಿನಿಂದ ನನಗೆ ನಿದ್ದೆಯಿಲ್ಲ. ಇದು ಕೊಳೆತದ್ದೇ ಅಲ್ಲವೇ? (ತಾಯಿಯೊಬ್ಬರು, ಶಹಾಪುರ)

ಅಮ್ಮಾ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದು ಕೊಳೆತದ್ದಲ್ಲ, ಮಾಗಿದ್ದು. ಈ ಎರಡರ ನಡುವೆ ಗೋಡೆಯಾಗಿ ನಿಂತಿರುವುದೇ ಉಪ್ಪು.

ಅದರ ಹೆಸರು ಇಕಾ ನೊ ಶಿಯೊಕಾರ. ‘ಇಕಾ’ ಎಂದರೆ ಬೊಂಡಾಸ, ‘ಶಿಯೊ’ ಎಂದರೆ ಉಪ್ಪು. ಬೊಂಡಾಸದ ಮೈಯನ್ನು ಶಾವಿಗೆಯಂತೆ ತೆಳುವಾಗಿ ಹೆಚ್ಚಿ, ಕರುಳನ್ನಲ್ಲ, ಅವರು ಯಕೃತ್ತು (ಲಿವರ್) ಎಂದು ಕರೆಯುವ ಜೀರ್ಣಗ್ರಂಥಿಯನ್ನು ಮಾತ್ರ ಬೇರೆಯಾಗಿ ಉಪ್ಪಿನಲ್ಲಿಟ್ಟು ನೀರು ಇಳಿಸಿ, ಅದರ ತಿರುಳನ್ನು ಹಿಂಡಿ ಹೆಚ್ಚಿದ ಮೈಗೆ ಬೆರೆಸುತ್ತಾರೆ. ಹಳೆಯ ಕ್ರಮದಲ್ಲಿ ಒಟ್ಟು ತೂಕದ ನೂರಕ್ಕೆ ಹತ್ತು ಭಾಗಕ್ಕಿಂತ ಹೆಚ್ಚು ಉಪ್ಪು ಇರುತ್ತಿತ್ತು. ಅಷ್ಟು ಉಪ್ಪಿನಲ್ಲಿ ಕೊಳೆಸುವ ಜೀವಾಣುಗಳು ತಲೆ ಎತ್ತಲಾರವು. ಆದರೆ ಆ ಗ್ರಂಥಿಯಲ್ಲಿರುವ, ಬದುಕಿದ್ದಾಗ ಬೇಟೆಯನ್ನು ಅರಗಿಸುತ್ತಿದ್ದ ಕಿಣ್ವಗಳು ಮಾತ್ರ ಕೆಲಸ ಮುಂದುವರಿಸುತ್ತವೆ. ಅವು ಮಾಂಸದ ಪ್ರೋಟೀನನ್ನು ಒಡೆದು ಅಮೈನೋ ಆಮ್ಲಗಳನ್ನಾಗಿ ಮಾಡುತ್ತವೆ, ಅದರಲ್ಲಿ ಗ್ಲುಟಮಿಕ್ ಆಮ್ಲವೂ ಇರುವುದರಿಂದ ನಾಲಿಗೆಗೆ ಗಾಢವಾದ ರುಚಿ ಸಿಗುತ್ತದೆ. ತಂಪಾದ ಜಾಗದಲ್ಲಿಟ್ಟು, ದಿನಕ್ಕೊಮ್ಮೆ ಕೈಯಾಡಿಸಿ, ಕೆಲವು ವಾರ ಕಾಯುತ್ತಾರೆ. ಮಂಗಳೂರಿನಲ್ಲಿ ಓದುತ್ತಿದ್ದಾಗ ಜಪಾನಿನಿಂದ ಬಂದಿದ್ದ ಅತಿಥಿಯೊಬ್ಬರು ತಂದ ಸಣ್ಣ ಗಾಜಿನ ಶೀಶೆಯಿಂದ ಅದನ್ನು ರುಚಿ ನೋಡಿದ ನೆನಪು ನನಗೆ ಇಂದಿಗೂ ಸ್ಪಷ್ಟವಾಗಿದೆ: ಇಟ್ಟಿಗೆಯ ಕೆಂಪಿಗೆ ತಿರುಗಿದ, ಹೊಳೆಯುವ, ಅಂಟಂಟಾದ ಎಳೆಗಳು. ಬಾಯಿಗಿಟ್ಟೊಡನೆ ಉಪ್ಪು ಹೊಡೆಯಿತು, ಹಿಂದೆಯೇ ಸಮುದ್ರದ ವಾಸನೆ, ಅದೂ ಇಳಿದ ಮೇಲೆ ಬಹಳ ಹೊತ್ತು ಒಂದು ಸಿಹಿ ಉಳಿಯಿತು.

ಜಪಾನಿನಲ್ಲಿ ಇದಕ್ಕೂ ಊರೂರಿನ ಭೇದವಿದೆ. ಪೊರೆ ಸುಲಿಯದೆ ಮಾಡಿದ್ದು ಕೆಂಪು, ಸುಲಿದು ಮಾಡಿದ್ದು ಬಿಳಿ, ತೊಯಾಮ ಪ್ರಾಂತದವರು ಮಸಿ ಬೆರೆಸಿ ಮಾಡುವುದು ಕಪ್ಪು. ಉತ್ತರದ ಹೊಕ್ಕೈದೊ ದ್ವೀಪದಲ್ಲಿ ಬೇಯಿಸಿದ ಬಿಸಿ ಆಲೂಗಡ್ಡೆಗೆ ಬೆಣ್ಣೆ ಹಾಕಿ ಅದರ ಮೇಲೆ ಒಂದು ಚಿಟಿಕೆ ಶಿಯೊಕಾರ ಇಟ್ಟು ತಿನ್ನುತ್ತಾರೆ. ನೊತೊ ಪರ್ಯಾಯದ್ವೀಪದವರು ಬೊಂಡಾಸದ ಒಳಭಾಗಗಳನ್ನು ಉಪ್ಪಿನೊಂದಿಗೆ ಪೀಪಾಯಿಯಲ್ಲಿ ಒಂದು ವರ್ಷಕ್ಕೂ ಮಿಗಿಲಾಗಿ ಇಟ್ಟು, ಪೂರ್ತಿ ಕರಗಿ ರಸವಾದ ಮೇಲೆ ಸೋಸಿ ‘ಇಶಿರಿ’ ಎಂಬ ಕಂದು ಬಣ್ಣದ ರಸ ತೆಗೆಯುತ್ತಾರೆ. ಸಾರಿಗೆ ನಾಲ್ಕು ಹನಿ ಬಿದ್ದರೆ ಬೇರೆ ಉಪ್ಪು ಬೇಕಾಗುವುದಿಲ್ಲ.

ಕೊರಿಯಾದವರ ಓಜಿಂಗೊ ಜೊತ್ ಇದರ ಅಕ್ಕನ ಮಗಳು ಎನ್ನಬಹುದು. ಅಲ್ಲಿ ಬೊಂಡಾಸವನ್ನು ಉಪ್ಪಿನಲ್ಲಿ ಮಾಗಿಸಿದ ಮೇಲೆ ಎಳೆಯೆಳೆಯಾಗಿ ಹೆಚ್ಚಿ ತರಿತರಿ ಕೆಂಪು ಮೆಣಸಿನಕಾಯಿ ಪುಡಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಎಳ್ಳು, ಒಂದಿಷ್ಟು ಸಿಹಿ ಪಾಕ ಸೇರಿಸಿ ಕಲಸುತ್ತಾರೆ. ಆ ಪಟ್ಟಿಯನ್ನು ಇನ್ನೊಮ್ಮೆ ಓದಿ: ಬೊಂಡಾಸವನ್ನು ತೆಗೆದಿಟ್ಟರೆ ಉಳಿಯುವುದು ಹೆಚ್ಚು ಕಡಿಮೆ ನಮ್ಮ ರಂಜಕವೇ. ಮೆಣಸಿನಕಾಯಿ ಅವರಿಗೂ ನಮಗೂ ಹೊರಗಿನಿಂದ ಬಂದದ್ದು. ಮಹಮೂದ್ ಗವಾನ್ ಬೀದರಿನಲ್ಲಿ ಮದರಸ ಕಟ್ಟಿಸಿದ 1472ರ ಹೊತ್ತಿಗೆ ಆ ಊರಿನ ಯಾವ ಅಡುಗೆಮನೆಯಲ್ಲೂ ಕೆಂಪು ಮೆಣಸಿನಕಾಯಿ ಇರಲಿಲ್ಲ. ಅಮೆರಿಕಾ ಖಂಡದ ಆ ಗಿಡ ಪೋರ್ಚುಗೀಸರ ಹಡಗುಗಳು ಬಂದ ಮೇಲೆ ಈ ಕಡೆಗೆ ಬಂದಿತು. ಆಮೇಲೆ ಒಬ್ಬರು ಅದನ್ನು ಬೊಂಡಾಸದ ಜೊತೆಗೂ ಇನ್ನೊಬ್ಬರು ಬೆಳ್ಳುಳ್ಳಿಯ ಜೊತೆಗೂ ಕುಟ್ಟಿಟ್ಟುಕೊಂಡರು.

ಒಂದು ವಿಷಯ ಮಗಳಿಗೆ ಖಂಡಿತ ತಿಳಿಸಿ. ಇತ್ತೀಚೆಗೆ ಆರೋಗ್ಯದ ದೃಷ್ಟಿಯಿಂದ ಉಪ್ಪು ಕಡಿಮೆ ಮಾಡಿ, ನೂರಕ್ಕೆ ಐದಾರು ಭಾಗ ಮಾತ್ರ ಹಾಕಿ ಕೆಲವೇ ದಿನಗಳಲ್ಲಿ ಸಿದ್ಧಪಡಿಸುವ ಶಿಯೊಕಾರ ಅಲ್ಲಿ ಹೆಚ್ಚು ಮಾರಾಟವಾಗುತ್ತದೆ. ಅದು ಉಪ್ಪಿನ ಕಾವಲಿನಲ್ಲಿ ಇರುವುದಿಲ್ಲ, ಬರಿ ಫ್ರಿಜ್ಜಿನ ಕಾವಲಿನಲ್ಲಿರುತ್ತದೆ. 2007ರಲ್ಲಿ ಅಂಥ ಕಡಿಮೆ ಉಪ್ಪಿನ ಶಿಯೊಕಾರದಲ್ಲಿ ವಿಬ್ರಿಯೊ ಎಂಬ ಕಡಲಿನ ಜೀವಾಣು ಸೇರಿ 600ಕ್ಕೂ ಹೆಚ್ಚು ಜನ ಹೊಟ್ಟೆ ಕೆಟ್ಟು ನರಳಿದರು. ಹೆಸರಾಂತ ತಯಾರಿಕೆಯನ್ನೇ ಕೊಳ್ಳಲಿ, ಶೀಶೆ ತೆರೆದ ಮೇಲೆ ಫ್ರಿಜ್ಜಿನಿಂದ ಹೊರಗಿಡದಿರಲಿ, ಬೇಗ ಮುಗಿಸಲಿ. ಇಷ್ಟು ಪಾಲಿಸಿದರೆ ನೀವು ನೆಮ್ಮದಿಯಿಂದ ಮಲಗಬಹುದು.

ಪ್ರಶ್ನೆ: ಅದೇ ಕೊರಿಯಾದ ಬೊಂಡಾಸದ ಖಾರವನ್ನು ನಾವು ಮಾವಿನಕಾಯಿ ಉಪ್ಪಿನಕಾಯಿಯಂತೆ ಭರಣಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ತಿಂಗಳಿಟ್ಟರೆ ಆಗುವುದಿಲ್ಲವೇ? ಬೊಂಡಾಸ ಹೈದರಾಬಾದಿನಿಂದ ತರಿಸಿದ್ದೇನೆ. (ಓದುಗರೊಬ್ಬರು, ಬೀದರ್)

ದಯವಿಟ್ಟು ಮಾಡಬೇಡಿ. ಈ ಅಂಕಣದಲ್ಲಿ ನಾನು ಇಷ್ಟು ಖಡಾಖಂಡಿತವಾಗಿ ಬೇಡವೆನ್ನುವುದು ಅಪರೂಪ.

ಮಾವಿನಕಾಯಿಯ ಭರಣಿಯನ್ನು ಕಾಯುವುದು ಉಪ್ಪೊಂದೇ ಅಲ್ಲ, ಕಾಯಿಯ ಹುಳಿಯೂ ಹೌದು. ಅಷ್ಟು ಹುಳಿಯಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರವಿಷವನ್ನು ತರುವ ಜೀವಾಣು ಬೆಳೆಯಲಾರದು. ಬೊಂಡಾಸದಲ್ಲಿ ಹುಳಿಯ ಅಂಶವೇ ಇಲ್ಲ. ಅಲ್ಲಿ ಕಾವಲಿರುವುದು ಉಪ್ಪು ಮತ್ತು ಚಳಿ ಎರಡು ಮಾತ್ರ. ಆ ಚಳಿಯನ್ನು ಹೊಕ್ಕೈದೊದ ಹವೆಯೋ ಕೊರಿಯಾದ ಚಳಿಗಾಲವೋ ಒದಗಿಸುತ್ತಿತ್ತು. ಚೈತ್ರ ವೈಶಾಖದಲ್ಲಿ 42 ಡಿಗ್ರಿ ದಾಟುವ ನಮ್ಮ ಮನೆಗಳ ಅಟ್ಟದ ಮೇಲೆ ಆ ಲೆಕ್ಕ ನಡೆಯುವುದಿಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ ಎಷ್ಟೇ ಸುರಿದರೂ ಅವು ಕಾವಲುಗಾರರಾಗಲಾರವು, ಕೆಟ್ಟ ವಾಸನೆಯನ್ನು ಮುಚ್ಚಿ ನಿಮಗೆ ಗೊತ್ತಾಗದಂತೆ ಮಾಡುತ್ತವೆ ಅಷ್ಟೆ.

ಇನ್ನೊಂದು ಕಾರಣ ನಿಮ್ಮ ಪೊಟ್ಟಣ. ಸಮುದ್ರದಿಂದ ಬೀದರಿಗೆ ಬರುವಷ್ಟರಲ್ಲಿ ಅದು ಎಷ್ಟು ಸಲ ಕರಗಿ ಮತ್ತೆ ಗಡ್ಡೆಕಟ್ಟಿದೆಯೋ ಯಾರಿಗೂ ತಿಳಿಯದು. ಎರಡು ಬೇಸಿಗೆಗಳ ಹಿಂದೆ ನಮ್ಮೂರಿನ ಒಂದು ಅಂಗಡಿಯಿಂದ ತಂದ ಪೊಟ್ಟಣವನ್ನು ಬಿಚ್ಚಿದಾಗ, ಬಿಡಿಬಿಡಿಯಾಗಿರಬೇಕಾದ ತುಂಡುಗಳು ಒಂದೇ ಗಡ್ಡೆಯಾಗಿ, ಮೂಲೆಯಲ್ಲಿ ಹಳದಿ ನೀರು ಮಂಜಾಗಿ ನಿಂತಿತ್ತು. ಬಿಳಿಯಿರಬೇಕಾದ ಮೈ ಗುಲಾಬಿ ಬಣ್ಣಕ್ಕೆ ತಿರುಗಿ, ಮೂಗಿಗೆ ಅಮೋನಿಯದ ಘಾಟು ಹೊಡೆಯಿತು. ಆ ಮೂರು ಗುರುತುಗಳಲ್ಲಿ ಒಂದು ಕಂಡರೂ ಹಣ ಹೋದರೆ ಹೋಗಲಿ ಎಂದು ಎಸೆಯುವುದೇ ಸರಿ. ನಾನೂ ಹಾಗೆಯೇ ಮಾಡಿದೆ.

ನಿಮ್ಮ ಪೊಟ್ಟಣ ಚೆನ್ನಾಗಿದ್ದರೆ, ಬೇಯಿಸಿ ಮಾಡುವ ಕ್ರಮ ಹೇಳುತ್ತೇನೆ. ರಾತ್ರಿಯಿಡೀ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಕರಗಿಸಿ. ಸ್ವಚ್ಛ ಮಾಡಿದ ಕಾಲು ಕಿಲೋ ಬೊಂಡಾಸವನ್ನು ಬೆರಳಗಲದ ಪಟ್ಟಿಗಳಾಗಿ ಹೆಚ್ಚಿ, ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರವಿ ಒರೆಸಿ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯೇ ಸರಿ, ಏಕೆಂದರೆ ಕೊರಿಯಾದ ಪುಡಿಯೂ ಅದರಂತೆಯೇ ಬಣ್ಣ ಹೆಚ್ಚು, ಘಾಟು ಕಡಿಮೆ ಇರುವಂಥದು; ಗುಂಟೂರು ಹಾಕಿದರೆ ಬೊಂಡಾಸದ ರುಚಿ ಸತ್ತುಹೋಗುತ್ತದೆ. ಬೀಜ ತೆಗೆದು ತರಿತರಿಯಾಗಿ ಕುಟ್ಟಿದ ಬ್ಯಾಡಗಿ ಒಂದೂವರೆ ದೊಡ್ಡ ಚಮಚ, ಬೆಳ್ಳುಳ್ಳಿ ಆರು ಎಸಳು, ಅರ್ಧ ಇಂಚು ಶುಂಠಿ, ಒಂದು ಟೀ ಚಮಚ ಬೆಲ್ಲ, ಅರ್ಧ ಟೀ ಚಮಚ ಉಪ್ಪು ಇಷ್ಟನ್ನು ಒಳಕಲ್ಲಿನಲ್ಲಿ ಹಿಂಡಿಯ ಹದಕ್ಕೆ ಕುಟ್ಟಿ, ಪಟ್ಟಿಗಳಿಗೆ ಕಲಸಿ, ಹುರಿದ ಬಿಳಿ ಎಳ್ಳು ಒಂದು ದೊಡ್ಡ ಚಮಚ ಮತ್ತು ಅರ್ಧ ನಿಂಬೆಹಣ್ಣಿನ ರಸ ಸೇರಿಸಿ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಖಾರ ಹಿಡಿಯುತ್ತದೆ. ಎರಡು ದಿನದೊಳಗೆ ಮುಗಿಸಬೇಕು. ಮಾಗಿದ ರುಚಿ ಇದರಲ್ಲಿ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಬಿಸಿ ಜೋಳದ ರೊಟ್ಟಿಯ ಜೊತೆ ತಟ್ಟೆಯ ಅಂಚಿಗೆ ಶೇಂಗಾ ಹಿಂಡಿಯ ಪಕ್ಕದಲ್ಲಿ ಕೂರಲು ಇದು ತಕ್ಕದ್ದೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಇದು ಹಲಾಲ್ ಹೌದೋ ಅಲ್ಲವೋ ಎಂಬ ಚರ್ಚೆಯಾಯಿತು. ಭಟ್ಕಳದ ಗೆಳೆಯರು ತಿನ್ನುತ್ತಾರೆ. (ವಿದ್ಯಾರ್ಥಿ, ಬಸವಕಲ್ಯಾಣ)

ಇದು ನೀವು ಯಾವ ಪಂಥದ ಕ್ರಮವನ್ನು ಅನುಸರಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿ ಪಂಥದವರು. ಅದರಲ್ಲಿ ಸಮುದ್ರದ ಜೀವಿಗಳು ಸಾಮಾನ್ಯವಾಗಿ ಸಮ್ಮತ. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದಲ್ಲಿ ನೀರಿನ ಜೀವಿಗಳ ಪೈಕಿ ಮೀನು ಮಾತ್ರ ಸಮ್ಮತ, ಬೊಂಡಾಸ ಮೀನಲ್ಲ. ಕೊನೆಯ ಮಾತನ್ನು ನೀವು ನಂಬುವ ಆಲಿಮರಿಂದಲೇ ಕೇಳಿಕೊಳ್ಳಿ.

ಪ್ರಶ್ನೆ: ತಂದೆಯವರಿಗೆ ರಕ್ತದೊತ್ತಡವಿದೆ. ಇಂಥ ಉಪ್ಪಿನ ಪದಾರ್ಥ ಸ್ವಲ್ಪ ಕೊಡಬಹುದೇ? (ಓದುಗರೊಬ್ಬರು, ಚಿತ್ತಾಪುರ)

ಲೆಕ್ಕ ಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ನೂರಕ್ಕೆ ಹತ್ತು ಭಾಗ ಉಪ್ಪಿರುವ ಶಿಯೊಕಾರವನ್ನು ಎರಡು ಟೀ ಚಮಚ, ಅಂದರೆ ಸುಮಾರು 12 ಗ್ರಾಂ ತಿಂದರೆ 1.2 ಗ್ರಾಂ ಉಪ್ಪು ಒಳಗೆ ಹೋಯಿತು. ದಿನದ ಪಾಲಿನಲ್ಲಿ ಕಾಲು ಭಾಗ ಅಷ್ಟರಲ್ಲೇ ಮುಗಿಯಿತು. ನಮ್ಮ ಊಟದಲ್ಲಿ ಹಿಂಡಿ, ಉಪ್ಪಿನಕಾಯಿ, ಹಪ್ಪಳ ಮೊದಲೇ ಇವೆ. ಉಪ್ಪಿನಲ್ಲಿ ಮಾಗಿಸಿದ್ದನ್ನು ಮತ್ತು ಒಣಗಿಸಿದ್ದನ್ನು ತಂದೆಯವರಿಗೆ ಕೊಡದಿರುವುದೇ ಒಳ್ಳೆಯದು. ತಾಜಾ ಬೊಂಡಾಸವನ್ನು ಮೆಣಸು, ಬೆಳ್ಳುಳ್ಳಿ, ನಿಂಬೆರಸದಲ್ಲಿ ಬಾಡಿಸಿ ಕೊನೆಗೆ ಚಿಟಿಕೆ ಉಪ್ಪು ಉದುರಿಸಿದರೆ, ಉಪ್ಪು ಮೇಲ್ಮೈಯಲ್ಲೇ ಇರುವುದರಿಂದ ಕಡಿಮೆ ಹಾಕಿದರೂ ನಾಲಿಗೆಗೆ ಸಾಕೆನಿಸುತ್ತದೆ. 100 ಗ್ರಾಂ ಬೊಂಡಾಸದಲ್ಲಿ ಪ್ರೋಟೀನು 15 ಗ್ರಾಂ ಇದ್ದು ಕೊಬ್ಬು ಬಹಳ ಕಡಿಮೆ, ಆದರೆ ಕೊಲೆಸ್ಟರಾಲ್ ಸುಮಾರು 230 ಮಿಲಿಗ್ರಾಂ. ಆದ್ದರಿಂದ ವೈದ್ಯರನ್ನು ಕೇಳಿಯೇ ಕೊಡಿ. ಸಿಗಡಿ ತಿಂದರೆ ಮೈ ತುರಿಸುವವರು ಬೊಂಡಾಸದ ವಿಷಯದಲ್ಲೂ ಎಚ್ಚರವಾಗಿರಬೇಕು.

ಪ್ರಶ್ನೆ: ಬೊಂಡಾಸದ ಮಸಿಯಲ್ಲಿ ಮಾಡಿದ ಕಪ್ಪು ಅನ್ನದ ಚಿತ್ರ ನೋಡಿದೆ. ಮಸಿ ವಿಷವಲ್ಲವೇ? (ವಿದ್ಯಾರ್ಥಿನಿ, ಯಾದಗಿರಿ)

ವಿಷವಲ್ಲ. ನಮ್ಮ ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವೇ ಅದರಲ್ಲಿಯೂ ಇರುವುದು. ಸ್ಪೇನಿನವರು ಅದರಲ್ಲಿ ಅನ್ನ ಮಾಡುತ್ತಾರೆ, ಅಲ್ಲಿನ ಬಾಸ್ಕ್ ಜನ ಸಣ್ಣ ಬೊಂಡಾಸಗಳನ್ನು ಅವುಗಳ ಮಸಿಯಲ್ಲೇ ಬೇಯಿಸುತ್ತಾರೆ, ವೆನಿಸ್ಸಿನವರು ಕಟಲ್‌ಫಿಶ್‌ನ ಮಸಿ ಬಳಸುತ್ತಾರೆ. ಫಿಲಿಪೀನ್ಸಿನಲ್ಲಿ ವಿನೆಗರ್, ಬೆಳ್ಳುಳ್ಳಿಯೊಂದಿಗೆ ಮಸಿ ಸೇರಿದ ಅಡೊಬೊ ಮನೆಮನೆಯ ಅಡುಗೆ. ಮಸಿಗೆ ತನ್ನದೇ ಆದ ಉಪ್ಪುಪ್ಪಾದ ರುಚಿಯಿರುವುದರಿಂದ ಅದು ಬಿದ್ದ ಮೇಲೆಯೇ ಉಪ್ಪು ನೋಡಿ ಹಾಕಬೇಕು.

ಪ್ರಶ್ನೆ: ಇಂಡೋನೇಷ್ಯಾದಲ್ಲಿ ದುಡಿಯುವ ಅಣ್ಣ ಒಣಗಿದ ಉಪ್ಪು ಬೊಂಡಾಸದ ಪೊಟ್ಟಣವನ್ನೂ, ಬೊಂಡಾಸದ ಚಿತ್ರವಿರುವ ಥಾಯ್ಲೆಂಡಿನ ಸಾಸಿನ ಬಾಟಲಿಯನ್ನೂ ತಂದಿದ್ದಾನೆ. ತುಂಡನ್ನು ಹಾಗೆಯೇ ಹುರಿದರೆ ಬಾಯಿಗಿಡಲಾಗದಷ್ಟು ಉಪ್ಪು. (ಓದುಗರೊಬ್ಬರು, ಗುರುಮಠಕಲ್)

ಬಾಟಲಿಯ ವಿಷಯ ಮೊದಲು: ಚಿತ್ರ ಬೊಂಡಾಸದ್ದಾದರೂ ಅದು ಗುರುತಿನ ಚಿಹ್ನೆ ಮಾತ್ರ. ಹಿಂಬದಿಯ ಪಟ್ಟಿ ಓದಿದರೆ ಒಳಗಿರುವುದು ಆಂಚೊವಿ ಎಂಬ ಸಣ್ಣ ಮೀನಿನ ರಸ, ಉಪ್ಪು, ಸಕ್ಕರೆ ಎಂದು ತಿಳಿಯುತ್ತದೆ.

ಪೊಟ್ಟಣದಲ್ಲಿರುವುದು ‘ಚುಮಿ ಆಸಿನ್’, ಅಂದರೆ ಉಪ್ಪು ಬೊಂಡಾಸ. ಥಾಯ್ಲೆಂಡಿನಲ್ಲಿ ಬಂಡಿಯವರು ಒಣ ಬೊಂಡಾಸವನ್ನು ಕೆಂಡದ ಮೇಲೆ ಸುಟ್ಟು, ಕಬ್ಬಿನ ಗಾಣದಂಥ ಉರುಳೆಗಳ ನಡುವೆ ಹಾಯಿಸಿ ತೆಳುವಾಗಿ ಹಿಗ್ಗಿಸಿ, ಹುಳಿ ಖಾರದ ಚಟ್ನಿಯೊಂದಿಗೆ ಕೊಡುತ್ತಾರೆ. ನಿಮ್ಮಲ್ಲಿರುವುದು ಹಾಗೆ ಸುಟ್ಟು ತಿನ್ನುವಂಥದಲ್ಲ. ಇದನ್ನು ಉಪ್ಪು ಸುರಿದು ಒಣಗಿಸಿರುವುದು ಕೆಡದಿರಲಿ ಎಂದು, ರುಚಿಗೆಂದಲ್ಲ. ಅಡುಗೆಗೆ ಮುಂಚೆ ಆ ಉಪ್ಪನ್ನು ಇಳಿಸಲೇಬೇಕು. ತುಂಡುಗಳನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ನೀರು ಚೆಲ್ಲಿ, ಮತ್ತೆ ಹೊಸ ಬಿಸಿನೀರು ಹಾಕಿ. ಎರಡನೆಯ ನೀರಿನ ನಂತರ ಒಂದು ಚೂರು ಕಚ್ಚಿ ನೋಡಿ. ಸಾರಿನ ಉಪ್ಪಿಗಿಂತ ಸ್ವಲ್ಪ ಹೆಚ್ಚು ಎನಿಸಿದರೆ ಅಲ್ಲಿಗೆ ನಿಲ್ಲಿಸಿ, ಅದಕ್ಕೂ ಹೆಚ್ಚಿದ್ದರೆ ಮೂರನೆಯ ನೀರು. ಆಮೇಲೆ ಹಿಂಡಿ, ಹೆಚ್ಚಿ, ಎಣ್ಣೆಯಲ್ಲಿ ಅಂಚು ಕೆಂಪಾಗುವಂತೆ ಹುರಿದು ತೆಗೆದಿಡಿ.

ಅವರು ಇದನ್ನು ಹೆಚ್ಚಾಗಿ ಹಸಿಮೆಣಸಿನಕಾಯಿ, ಸಣ್ಣ ಈರುಳ್ಳಿ, ಟೊಮೆಟೊ ಸೇರಿಸಿ ಬಾಡಿಸುತ್ತಾರೆ. ನಿಮ್ಮ ಮನೆಯಲ್ಲಿ ಹಸಿಮೆಣಸಿನಕಾಯಿ ಖಾರ ಕುಟ್ಟುವ ರೂಢಿ ಹೇಗೂ ಇದ್ದೇ ಇರುತ್ತದೆ. ಆ ಖಾರವನ್ನು ಉಪ್ಪು ಹಾಕದೆ ಕುಟ್ಟಿ, ಈರುಳ್ಳಿಯ ಜೊತೆ ಎಣ್ಣೆಯಲ್ಲಿ ಹಸಿವಾಸನೆ ಹೋಗುವವರೆಗೆ ಬಾಡಿಸಿ, ಹುರಿದ ಬೊಂಡಾಸ ಬೆರೆಸಿ ಎರಡು ನಿಮಿಷ ಕೈಯಾಡಿಸಿ. ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ಒಂದು ಚೂರು ಬಾಯಿಗಿಟ್ಟು ನೋಡಿ. ಬಹುಮಟ್ಟಿಗೆ ಅದರ ಅವಶ್ಯಕತೆ ಬೀಳುವುದಿಲ್ಲ.